ದೋಣಿಯ ಆಳಮಾಪಕ: ಒಂಬತ್ತು ವರ್ಷಗಳ ಬಳಕೆಯ ನಂತರ

ಅಂಗೈಯಗಲದ ಪರದೆ, ಅದರ ಮೇಲೆ ಎರಡು ಅಂಕಿ, ನಡುವೆ ಒಂದು ಚುಕ್ಕಿ. ನಮ್ಮ ದೋಣಿಯ ಆಳಮಾಪಕ ತೋರಿಸುವುದು ಇಷ್ಟನ್ನೇ. ಬಣ್ಣದ ಚಿತ್ರವಿಲ್ಲ, ನಕ್ಷೆಯಿಲ್ಲ, ಮೀನಿನ ಗುರುತುಗಳಿಲ್ಲ. ಒಂಬತ್ತು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ದೋಣಿಯಲ್ಲಿರುವ ಅಷ್ಟೂ ಉಪಕರಣಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಾನು ಕೈ ಇಡುವುದು ಇದರ ಮೇಲೆಯೇ.

ನಮ್ಮದು 9 ಮೀಟರ್ ಉದ್ದದ ಫೈಬರ್‌ಗ್ಲಾಸ್ ದೋಣಿ, ಡೀಸೆಲ್ ಎಂಜಿನ್. ತಳ ನೀರಿನೊಳಗೆ 1.1 ಮೀಟರ್ ಇಳಿದಿರುತ್ತದೆ. ನಾನೂ ನನ್ನ ಹೆಂಡತಿಯೂ ವರ್ಷದಲ್ಲಿ ಎರಡು ತಿಂಗಳಾದರೂ ಕಡಲ ಅಂಚಿನ ಜಲಮಾರ್ಗಗಳಲ್ಲಿ ಇರುತ್ತೇವೆ. ತೆರೆದ ಸಮುದ್ರವಲ್ಲ; ಮರಳು ದಿಬ್ಬಗಳ ಹಿಂದಿನ ಹಿನ್ನೀರು, ಅಳಿವೆಗಳು, ಅವುಗಳನ್ನು ಒಂದಕ್ಕೊಂದು ಬೆಸೆಯುವ ಕಾಲುವೆಗಳು. ಇಲ್ಲಿ ಅಲೆಯ ಭಯ ಕಡಿಮೆ, ನೆಲದ ಭಯ ಹೆಚ್ಚು. ಎರಡೂ ದಡ ಕಣ್ಣಿಗೆ ಕಾಣುತ್ತಿದ್ದರೂ ನಡುವೆ ನೀರು ಎಷ್ಟಿದೆ ಎಂಬುದು ಕಾಣುವುದಿಲ್ಲ.

ಈ ಉಪಕರಣದ ಕೆಲಸ ಸರಳ. ದೋಣಿಯ ತಳಕ್ಕೆ ಕೂರಿಸಿದ ಸೆನ್ಸರ್ 200 ಕಿಲೋಹರ್ಟ್ಸ್ ಕಂಪನದ ಶಬ್ದವನ್ನು ಕೆಳಕ್ಕೆ ಕಳಿಸುತ್ತದೆ, ನೆಲಕ್ಕೆ ತಾಗಿ ಮರಳಿದ ಪ್ರತಿಧ್ವನಿಗೆ ಕಾಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಮೂರು ಮೀಟರ್ ಆಳಕ್ಕೆ ಹೋಗಿ ಬರಲು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಸಾಕು. ನದಿಯ ಸಿಹಿನೀರು ಸೇರುವ ಕಡೆ ವೇಗ ತುಸು ಇಳಿಯುತ್ತದೆ, ಆದರೆ ನಮ್ಮಂಥವರು ಓಡಾಡುವ ಆಳದಲ್ಲಿ ಅದರಿಂದಾಗುವ ವ್ಯತ್ಯಾಸ ಒಂದೆರಡು ಬೆರಳಗಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೊಂದಿದೆ. ಪರದೆಯ ಮೇಲಿನ ಅಂಕಿ ಎಲ್ಲಿಂದ ಎಲ್ಲಿಗಿರುವ ಅಳತೆ? ನೀರಿನ ಮೇಲ್ಮೈಯಿಂದಲೇ, ಸೆನ್ಸರ್‌ನಿಂದಲೇ ಅಥವಾ ದೋಣಿಯ ತಳದ ಕೆಳ ಅಂಚಿನಿಂದಲೇ? ಉಪಕರಣ ಕೂರಿಸಿಕೊಟ್ಟವರು "ತಳದ ಕೆಳಗೆ ಉಳಿದಿರುವ ನೀರನ್ನು ತೋರಿಸುತ್ತದೆ, ಎಲ್ಲ ಹೊಂದಿಸಿದ್ದೇವೆ" ಎಂದು ಹೇಳಿ ಹೋಗಿದ್ದರು. ನಂಬಿದೆ. ಎರಡನೆಯ ವಾರ ಒಂದು ಕಟ್ಟೆಯ ಪಕ್ಕಕ್ಕೆ ನಿಧಾನವಾಗಿ ಬರುತ್ತಿದ್ದೆವು. ಪರದೆ 0.7 ತೋರಿಸುತ್ತಿತ್ತು. ಇನ್ನೂ ಮುಕ್ಕಾಲು ಮೀಟರಿನಷ್ಟು ನೀರಿದೆ ಎಂದುಕೊಳ್ಳುವಷ್ಟರಲ್ಲಿ ದೋಣಿ ಮೆತ್ತಗೆ ಕೆಸರಿಗೆ ತಾಗಿ ನಿಂತಿತು. ಅವರು ಏನನ್ನೂ ಹೊಂದಿಸಿರಲಿಲ್ಲ, ಕಾರ್ಖಾನೆಯಿಂದ ಬಂದ ಸೊನ್ನೆ ಹಾಗೆಯೇ ಇತ್ತು. ಸೆನ್ಸರ್ ನೀರಿನ ಮಟ್ಟದಿಂದ 40 ಸೆಂಟಿಮೀಟರ್ ಕೆಳಗಿದೆ, ತಳದ ಅಂಚು ಅದಕ್ಕಿಂತ 70 ಸೆಂಟಿಮೀಟರ್ ಕೆಳಗೆ. ಪರದೆ ಸುಳ್ಳು ಹೇಳಿರಲಿಲ್ಲ. ಅದು ತನ್ನ ಜಾಗದಿಂದ ಅಳೆದು ಹೇಳಿತ್ತು, ನಾನು ಬೇರೆ ಜಾಗದಿಂದ ಓದಿಕೊಂಡಿದ್ದೆ.

ಆ ಸಂಜೆಯೇ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಪಕ್ಕದಲ್ಲಿ ಇಳಿಬಿಟ್ಟು ಅಳೆದು, ಮೇಲ್ಮೈಯಿಂದ ನೆಲದವರೆಗಿನ ಪೂರ್ತಿ ಆಳವನ್ನು ತೋರಿಸುವಂತೆ ಹೊಂದಿಸಿದೆ. ತಳದಿಂದ ಅಳೆಯುವಂತೆ ಹೊಂದಿಸಿಕೊಳ್ಳುವವರೂ ಇದ್ದಾರೆ. ಸೊನ್ನೆ ಬಂದರೆ ನೆಲ ಎಂಬ ಲೆಕ್ಕ ಅವರಿಗೆ ಹಿತ. ನನಗೆ ಮೇಲ್ಮೈಯಿಂದ ಅಳೆಯುವುದೇ ಸರಿ. ನಾವಿಕರ ನಕ್ಷೆಯಲ್ಲಿ ಬರೆದಿರುವ ಆಳಕ್ಕೆ ಆ ಹೊತ್ತಿನ ಉಬ್ಬರದ ಎತ್ತರವನ್ನು ಕೂಡಿಸಿದರೆ ಬರುವ ಮೊತ್ತವೂ ಪರದೆಯ ಅಂಕಿಯೂ ನೇರವಾಗಿ ಹೊಂದಬೇಕು. ಹೊಂದದಿದ್ದರೆ ಎಲ್ಲೋ ಏನೋ ತಪ್ಪಿದೆ: ನಾನು ನಕ್ಷೆಯಲ್ಲಿ ಅಂದುಕೊಂಡ ಜಾಗದಲ್ಲಿ ಇಲ್ಲ, ಇಲ್ಲವೇ ನಕ್ಷೆ ಬರೆದ ಮೇಲೆ ಮರಳು ಜರುಗಿದೆ. ಅಳಿವೆಯ ಬಾಯಲ್ಲಿ ಎರಡನೆಯದೇ ಹೆಚ್ಚು. ಒಂದು ಬಿರುಗಾಳಿ ಸಾಕು, ಹೋದ ಸಲ ದಾರಿಯಾಗಿದ್ದ ಕಡೆ ಈ ಸಲ ದಿಬ್ಬ ಎದ್ದಿರುತ್ತದೆ.

ಒಂಬತ್ತು ವರ್ಷಗಳಲ್ಲಿ ನಾನು ಈ ಪರದೆಯನ್ನು ಓದುವ ಬಗೆಯೇ ಬದಲಾಗಿದೆ. ಮೊದಮೊದಲು ಅಂಕಿ ನೋಡುತ್ತಿದ್ದೆ, ಈಗ ಅಂಕಿಗಳ ನಡಿಗೆ ನೋಡುತ್ತೇನೆ. 3.2, 3.1, 3.0, 2.8 ಎಂದು ಮೆಲ್ಲಗೆ ಇಳಿಯುತ್ತಿದ್ದರೆ ಇಳಿಜಾರಿನ ನೆಲ, ದಾರಿಯ ನಡುವಿನಿಂದ ಅಂಚಿಗೆ ಸರಿಯುತ್ತಿದ್ದೇವೆ. ಆಗ ಚುಕ್ಕಾಣಿಯನ್ನು ಒಂದು ಕಡೆಗೆ ತುಸು ತಿರುಗಿಸಿ ಹತ್ತು ಸೆಕೆಂಡು ಕಾಯುತ್ತೇನೆ. ಅಂಕಿ ಏರಿದರೆ ಆಳ ಆ ಕಡೆಗಿದೆ, ಇನ್ನೂ ಇಳಿದರೆ ಮತ್ತೊಂದು ಕಡೆಗೆ. ಕತ್ತಲಲ್ಲಿ ಗೋಡೆ ಮುಟ್ಟಿಕೊಂಡು ನಡೆಯುವ ಹಾಗೆ. ಮಂಜು ಕವಿದ ಒಂದು ಮುಂಜಾನೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟಿರುವ ಮುಂದಿನ ಬೋಯಾ ಕಾಣದೆ, 2.5ರ ಆಳವನ್ನೇ ಹಿಡಿದುಕೊಂಡು, ಅಂಕಿ 2.2ಕ್ಕೆ ಇಳಿದರೆ ಬಲಕ್ಕೆ, 2.8ಕ್ಕೆ ಏರಿದರೆ ಎಡಕ್ಕೆ ಎಂದು ಒಂದೂವರೆ ತಾಸು ಸಾಗಿದ್ದೇವೆ. ಮೈಯೆಲ್ಲ ಕಣ್ಣಾಗಿ ಕುಳಿತಿದ್ದೆ, ನೋಡಿದ್ದು ಮಾತ್ರ ಆ ಎರಡು ಅಂಕಿಗಳನ್ನು.

ಇನ್ನು ಇದರ ಮಿತಿ. ಕೊಳ್ಳುವವರು ತಿಳಿದಿರಲೇಬೇಕಾದದ್ದು ಇದು, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಆಳಮಾಪಕ ತೋರಿಸುವುದು ಕೆಳಗಿರುವುದನ್ನು. ಮುಂದಿರುವುದು ಅದಕ್ಕೆ ಗೊತ್ತಿಲ್ಲ.

ನಾಲ್ಕನೆಯ ವರ್ಷ, ಅಮಾವಾಸ್ಯೆಯ ಮರುದಿನ. ಉಬ್ಬರ ಇಳಿತಗಳ ನಡುವೆ ಅಂದು 2.4 ಮೀಟರ್ ಅಂತರವಿತ್ತು. ಪೂರ್ಣ ಉಬ್ಬರ ಕಳೆದು ನಾಲ್ಕು ತಾಸಾಗಿತ್ತು, ಅಳಿವೆಯ ಒಂದು ತಿರುವಿನಲ್ಲಿ 5 ನಾಟ್ ವೇಗದಲ್ಲಿ ಹೋಗುತ್ತಿದ್ದೆವು. ಪರದೆಯ ಮೇಲೆ 2.6, 2.5, 2.6. ಅಲಾರಂ 1.8ಕ್ಕೆ ಹೊಂದಿಸಿತ್ತು. ನನ್ನ ಹೆಂಡತಿ ಮುಂಭಾಗದಲ್ಲಿ ನಿಂತಿದ್ದವಳು ತಿರುಗಿ ಕೂಗಿದಳು: "ರೀ, ವೇಗ ಇಳಿಸಿ! ಮುಂದೆ ಕೊಕ್ಕರೆಗಳು ನಿಂತಿವೆ!" ನಾನು ಪರದೆ ನೋಡಿದೆ. 2.6. "ಇಲ್ಲಿ ನೀರಿದೆ, ಹೆದರಬೇಡ" ಎಂದೆ. ಮಾತು ಮುಗಿಯುವ ಮೊದಲೇ ಅಂಕಿ 1.6ಕ್ಕೆ ಜಿಗಿಯಿತು, ಅಲಾರಂ ಕಿರುಚಿತು, ಅದರ ಹಿಂದೆಯೇ ದೋಣಿ ಮರಳಿಗೆ ನುಗ್ಗಿತು. ಡಬ್ಬಿಗಳು, ನಕ್ಷೆ, ದುರ್ಬೀನು ಎಲ್ಲ ಮುಂದಕ್ಕೆ ಉರುಳಿದವು. ಲೆಕ್ಕ ಹಾಕಿದರೆ ತಿಳಿಯುತ್ತದೆ: 5 ನಾಟ್ ಎಂದರೆ ಸೆಕೆಂಡಿಗೆ ಎರಡೂವರೆ ಮೀಟರ್, ಸೆನ್ಸರ್ ಇರುವುದು ತಳದ ಆಳವಾದ ಭಾಗಕ್ಕಿಂತ ಕೇವಲ ಎರಡು ಮೀಟರ್ ಮುಂದೆ. ಗೋಡೆಯಂತೆ ಕಡಿದಾಗಿ ಎದ್ದ ದಿಬ್ಬದ ಸುದ್ದಿಯನ್ನು ಉಪಕರಣ ಹೇಳುವ ಹೊತ್ತಿಗೆ ಒಂದು ಸೆಕೆಂಡೂ ಉಳಿದಿರಲಿಲ್ಲ.

ನೀರು ಇನ್ನೂ ಇಳಿಯುತ್ತಿತ್ತು. ಉಬ್ಬರ ಇಳಿತಗಳನ್ನು ಹನ್ನೆರಡು ಪಾಲು ಮಾಡುವ ಹಳೆಯ ಲೆಕ್ಕವೊಂದಿದೆ: ಮೊದಲ ತಾಸಿಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯವಕ್ಕೆ ಮೂರು ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ಅದರಂತೆ ಇನ್ನೂ ಮೂರು ಪಾಲು, ಅಂದರೆ 60 ಸೆಂಟಿಮೀಟರ್, ಇಳಿಯಬೇಕಿತ್ತು. ಹಿಂದಕ್ಕೆ ಎಳೆಯಲು ಎಂಜಿನ್ ಎಷ್ಟು ಗರ್ಜಿಸಿದರೂ ಅಲುಗಲಿಲ್ಲ, ಇನ್ನೂ ಓಡಿಸಿದರೆ ಎಂಜಿನ್ ತಂಪಾಗಿಸುವ ನೀರಿನ ಜೊತೆ ಮರಳು ಒಳಗೆ ಹೋಗುತ್ತದೆಂದು ನಿಲ್ಲಿಸಿದೆ. ಚಿಕ್ಕ ರಬ್ಬರ್ ದೋಣಿಯಲ್ಲಿ ಲಂಗರನ್ನು ಒಯ್ದು ಆಳದ ಕಡೆಗೆ ಇಳಿಸಿ ಬಂದೆ, ಉಬ್ಬರ ಮರಳಿದಾಗ ನಮ್ಮನ್ನು ದಿಬ್ಬದ ಮೇಲಕ್ಕೆ ಇನ್ನಷ್ಟು ತಳ್ಳಬಾರದಲ್ಲ. ದೋಣಿ ಮೆಲ್ಲನೆ ಒಂದು ಮಗ್ಗುಲಿಗೆ ವಾಲಿತು. ಹೆಂಡತಿ ನನ್ನನ್ನು ಬಯ್ಯಲಿಲ್ಲ, ಕೊಕ್ಕರೆಗಳನ್ನು ನೋಡುತ್ತ ಕುಳಿತಳು. ಮೊಣಕಾಲಿನಷ್ಟು ನೀರಿನಲ್ಲಿ ನಿಂತ ಹಕ್ಕಿಗಿಂತ ಸ್ಪಷ್ಟವಾದ ಆಳಸೂಚಕ ಇನ್ನೊಂದಿಲ್ಲ, ಅವಳು ಅದನ್ನು ಓದಿದ್ದಳು. ಆ ಹೊತ್ತಿನಲ್ಲಿ ಪರದೆ ತೋರಿಸುತ್ತಿದ್ದದ್ದು ಹಲವು ಮೀಟರ್ ಆಳ! ಸೆನ್ಸರ್‌ನ ಕೆಳಗೆ 60 ಸೆಂಟಿಮೀಟರಿಗಿಂತ ಕಡಿಮೆ ನೀರಿದ್ದರೆ ಈ ಉಪಕರಣ ದಾರಿ ತಪ್ಪುತ್ತದೆ, ಅಂಕಿಗೆ ಅರ್ಥವಿರುವುದಿಲ್ಲ. ನಾಲ್ಕೂವರೆ ತಾಸಿನ ನಂತರ ನೀರು ನಮ್ಮನ್ನು ಎತ್ತಿತು.

ಇದರ ಚರಿತ್ರೆಯಲ್ಲೇ ಈ ಮಿತಿ ಅಡಗಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಜರ್ಮನಿಯ ಅಲೆಕ್ಸಾಂಡರ್ ಬೆಮ್ ಎಂಬ ಭೌತವಿಜ್ಞಾನಿ ಹಡಗಿನ ಮುಂದಿರುವ ಹಿಮಗಡ್ಡೆಯನ್ನು ಪ್ರತಿಧ್ವನಿಯಿಂದ ಪತ್ತೆ ಮಾಡಲು ಹೊರಟರು. ಅದಕ್ಕೆ ಅದು ಒದಗಿಬರಲಿಲ್ಲ, ಆದರೆ ಕೆಳಗಿನ ಆಳ ಅಳೆಯಲು ಚೆನ್ನಾಗಿ ಒದಗಿತು. 1913ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ನೋಡಬೇಕೆಂದು ಶುರುವಾದದ್ದು ಕೆಳಗೆ ನೋಡುವ ಉಪಕರಣವಾಗಿ ನಮ್ಮ ಕೈಗೆ ಬಂದಿದೆ. ಪ್ರತಿಧ್ವನಿಯಿಂದ ಮುಂದಕ್ಕೆ ನೋಡುವ ಸೋನಾರ್‌ಗಳು ಈಗ ಚಿಕ್ಕ ದೋಣಿಗಳಿಗೂ ಸಿಗುತ್ತವೆ, ಆದರೆ ಆಳ ಕಡಿಮೆಯಾದಷ್ಟೂ ಅವುಗಳ ನೋಟವೂ ಮೊಟಕಾಗುತ್ತದೆ. ಎರಡು ಮೀಟರ್ ನೀರಿನಲ್ಲಿ ಅವು ಕಾಣುವುದು ಆ ಆಳದ ಕೆಲವೇ ಪಟ್ಟು ದೂರವನ್ನು. ಹಾಗಾಗಿ ಗೊತ್ತಿಲ್ಲದ ತಿರುವಿನಲ್ಲಿ ನಾನು 2 ನಾಟ್‌ಗೆ ಇಳಿಯುತ್ತೇನೆ. ಆಗ ಸೆಕೆಂಡಿಗೆ ಒಂದು ಮೀಟರ್ ಮಾತ್ರ, ಅಲಾರಂ ಕೇಳಿ ಹಿಂದಕ್ಕೆ ಎಳೆಯಲು ಸಮಯ ಸಿಗುತ್ತದೆ, ತಾಗಿದರೂ ಮೆತ್ತಗೆ ತಾಗುತ್ತದೆ. ಗೊತ್ತಿಲ್ಲದ ಜಾಗಗಳನ್ನು ಆದಷ್ಟು ಏರುವ ನೀರಿನಲ್ಲೇ ದಾಟುತ್ತೇನೆ, ಸಿಕ್ಕಿಕೊಂಡರೆ ನೀರೇ ಬಿಡಿಸುತ್ತದೆ.

ಇನ್ನೊಂದೆರಡು ಕಡೆ ಇದರ ಮಾತನ್ನು ಹಾಗೆಯೇ ನಂಬುವಂತಿಲ್ಲ. ತೆಳು ಕೆಸರಿರುವ ಕಡೆ ಶಬ್ದ ಕೆಸರಿನ ಮೇಲ್ಪದರದಿಂದಲೇ ಮರಳುತ್ತದೆ, ಪರದೆ 1.0 ಎನ್ನುತ್ತಿದ್ದರೂ ದೋಣಿ ಗಂಜಿಯಂಥ ಕೆಸರನ್ನು ಸೀಳಿಕೊಂಡು ಸಾಗಿರುತ್ತದೆ. ಜಲಸಸ್ಯಗಳು ಒತ್ತಾಗಿ ಬೆಳೆದಿದ್ದರೂ ಹೀಗೆಯೇ. ಗಟ್ಟಿ ನೆಲವಿರುವ ಕಡಿಮೆ ಆಳದಲ್ಲಿ ಪ್ರತಿಧ್ವನಿ ಎರಡು ಸಲ ಮೇಲೆ ಕೆಳಗೆ ಓಡಾಡಿ ಇಮ್ಮಡಿ ಆಳ ತೋರಿಸುವುದುಂಟು, ಅಪಾಯ ಇರುವುದು ಇದರಲ್ಲಿ. ದೊಡ್ಡ ಮೋಟಾರ್ ದೋಣಿಯೊಂದು ಎದುರು ಹಾದುಹೋದರೆ ಅದು ಎಬ್ಬಿಸಿದ ಗಾಳಿಗುಳ್ಳೆಗಳಿಂದ ಅಂಕಿ ಅರ್ಧ ನಿಮಿಷ ಮಾಯವಾಗುತ್ತದೆ. ಗಾಬರಿಯಾಗಬೇಡಿ, ವೇಗ ಇಳಿಸಿ ಕಾಯಿರಿ.

ನಿರ್ವಹಣೆ ಕಷ್ಟವಲ್ಲ, ಮರೆತರೆ ಮಾತ್ರ ಕಷ್ಟ. ಸೆನ್ಸರ್‌ನ ಮುಖಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡರೆ ಓದು ಕುಂಟುತ್ತದೆ. ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿದಾಗ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಕೆರೆಯುತ್ತೇನೆ. ಅಸಿಟೋನ್‌ನಂಥ ದ್ರಾವಕ ತಾಗಿಸಬಾರದು, ಪ್ಲಾಸ್ಟಿಕ್ ಮುಖ ಹಾಳಾಗುತ್ತದೆ. ದೋಣಿಯ ತಳಕ್ಕೆ ಹಚ್ಚುವ ತಾಮ್ರದ ಬಣ್ಣವನ್ನೂ ಅದರ ಮೇಲೆ ಬಳಿಯಬಾರದು, ಸೆನ್ಸರ್‌ಗೆಂದೇ ನೀರು ಆಧಾರಿತ ಬಣ್ಣ ಬರುತ್ತದೆ.

ದೂರು ಹೇಳಲೇಬೇಕಾದದ್ದು ಕೇಬಲ್ ಜೋಡಣೆಯ ಬಗ್ಗೆ. ಮೂರನೆಯ ವರ್ಷವೇ ಪರದೆಯ ಹಿಂದಿನ ಪ್ಲಗ್ ಹಸಿರುಗಟ್ಟಿ ಅಂಕಿ ಬಿಟ್ಟು ಬಿಟ್ಟು ಬರತೊಡಗಿತು. ದುರಸ್ತಿ ಕೇಂದ್ರದವರು ಇಡೀ ಸೆನ್ಸರ್ ಬದಲಾಯಿಸಬೇಕು ಎಂದರು. ನಾನು ಒಪ್ಪಲಿಲ್ಲ. ಪಿನ್ನುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ನೀರು ತಡೆಯುವ ಗ್ರೀಸ್ ತುಂಬಿ ಮುಚ್ಚಿದೆ. ಆರು ವರ್ಷಗಳಿಂದ ಅದೇ ಸೆನ್ಸರ್ ಕೆಲಸ ಮಾಡುತ್ತಿದೆ. ಉಪ್ಪುಗಾಳಿಯಲ್ಲಿ ಇರಬೇಕಾದ ವಸ್ತುವಿಗೆ ಇಂಥ ಪ್ಲಗ್ ಕೊಡುವುದು ತಪ್ಪು, ತಯಾರಿಸಿದವರಿಗೆ ಪತ್ರ ಬರೆದರೂ ಉತ್ತರ ಬರಲಿಲ್ಲ.

ಈ ವರ್ಷ ಪರದೆಯ ಎರಡನೆಯ ಅಂಕಿಯ ನಡುವಿನ ಅಡ್ಡಗೆರೆ ಸತ್ತಿದೆ. 8 ಬರಬೇಕಾದ ಕಡೆ 0 ಕಾಣುತ್ತದೆ, 2.8 ಇದ್ದರೆ 2.0 ಎಂದು ಓದಬೇಕು. ಇರುವುದಕ್ಕಿಂತ ಕಡಿಮೆ ಕಾಣುವ ತಪ್ಪಾದ್ದರಿಂದ ಈ ಸಲದ ಪ್ರಯಾಣ ಹೇಗೋ ಮುಗಿಸಿದೆವು, ಆದರೆ ಇಂಥದ್ದನ್ನು ಇಟ್ಟುಕೊಂಡು ಮುಂದುವರಿಯಲು ಮನಸ್ಸು ಒಪ್ಪುವುದಿಲ್ಲ. ಹೊಸ ಪರದೆ ತರಿಸಿದ್ದೇನೆ. ಮತ್ತೆ ಎರಡು ಅಂಕಿ ಒಂದು ಚುಕ್ಕಿಯದೇ. ದೊಡ್ಡ ಅಕ್ಷರ, ಬಿಸಿಲಿನಲ್ಲೂ ಕಾಣುವಂಥದ್ದು. ಹಳೆಯ ಸೆನ್ಸರ್‌ಗೆ ಅದರ ಪ್ಲಗ್ ಹೊಂದುವುದಿಲ್ಲ, ನಡುವೆ ಒಂದು ಅಡಾಪ್ಟರ್ ಬೇಕು. ಜೋಡಿಸಿದ ದಿನ ಮೊದಲು ಮಾಡುವ ಕೆಲಸ ನಿಶ್ಚಯವಾಗಿದೆ: ಸೀಸದ ಗುಂಡಿನ ತಳದ ಗುಳಿಯೊಳಗೆ ಸಾಬೂನು ಮೆತ್ತಿ ಪಕ್ಕದಲ್ಲಿ ಇಳಿಬಿಡುವುದು. ಹಗ್ಗ ಆಳವನ್ನು ಹೇಳುತ್ತದೆ, ಸಾಬೂನಿಗೆ ಅಂಟಿ ಬಂದದ್ದು ಮರಳೋ ಕೆಸರೋ ಎಂಬುದನ್ನು ಹೇಳುತ್ತದೆ. ಹೆಂಡತಿ ಹಗ್ಗದ ಗುರುತು ಓದುತ್ತಾಳೆ, ನಾನು ಪರದೆ ಓದುತ್ತೇನೆ. ಎರಡೂ ಒಂದಾಗುವವರೆಗೆ ಲಂಗರು ಎತ್ತುವುದಿಲ್ಲ.