ಹಲಸಿನ ಕಟ್ಟಿಗೆಯ ಜೋಕಾಲಿ: ಕಲಬುರಗಿಯ ಬೇಸಿಗೆಗಳನ್ನು ಕಂಡ ಮೇಲೆ

ಮೊದಲು ಬಣ್ಣದ ಮಾತು. ಮನೆಗೆ ಬಂದಾಗ ಹಲಗೆ ಎಷ್ಟು ಹಳದಿ ಇತ್ತೆಂದರೆ, ನೋಡಿದವರೆಲ್ಲ ಬಣ್ಣ ಬಳಿದಿದ್ದಾರೆ ಅಂದುಕೊಂಡರು. ಹಲಸಿನ ಚೇಗಿನ, ಅಂದ್ರೆ ಮರದ ಒಳಗಿನ ಗಟ್ಟಿ ಭಾಗದ, ಬಣ್ಣವೇ ಅದು. ಬರ್ಮಾ, ಥಾಯ್ಲೆಂಡ್ ಕಡೆ ಇದೇ ಕಟ್ಟಿಗೆಯ ಚೂರು ಕುದಿಸಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಗಾಳಿ ಬೆಳಕು ತಾಗುತ್ತಾ ತಾಗುತ್ತಾ ನಮ್ಮ ಹಲಗೆ ಕೆಂಪಾಯಿತು, ಈಗ ಹಳೇ ತಾಮ್ರದ ಕೊಡದ ಹಾಗಿದೆ. ದಿಂಬು ಇಡುವ ಮೂಲೆಯಲ್ಲಿ ಮಾತ್ರ ಇನ್ನೂ ಹಳದಿ ಉಳಿದಿದೆ, ಅವ್ವ ಕೂರುವ ಕಡೆ ಪಾಲಿಶ್ ಇಲ್ಲದೆಯೇ ನುಣುಪಾಗಿದೆ. ಇಷ್ಟು ಚೆಂದ ಆಗುತ್ತದೆ ಅಂತ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಇದರ ಆರೈಕೆ ಅಂದ್ರೆ ನನಗೆ ಬಹಳ ಇಷ್ಟ. ಬೆಳಿಗ್ಗೆ ಒಣ ಬಟ್ಟೆಯಿಂದ ಒಮ್ಮೆ ಒರೆಸುವುದು ಅಷ್ಟೇ. ಯುಗಾದಿ ಮತ್ತು ನಾಗರ ಪಂಚಮಿಯ ಮುಂಚೆ ಅಗಸೆ ಎಣ್ಣೆ ಸ್ವಲ್ಪ ಹಚ್ಚಿ, ಕೈಯಿಂದಲೇ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ಒಂದೆರಡು ದಿನ ಯಾರೂ ಕೂರದ ಹಾಗೆ ಬಿಡುತ್ತೇವೆ. ಶೇಂಗಾ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಪಂಚಮಿಗೆ ಓಣಿಯ ಹುಡುಗಿಯರೆಲ್ಲ ಶೇಂಗಾ ಉಂಡಿ ಹಿಡಿದುಕೊಂಡು ಬರುತ್ತಾರೆ, ಅವತ್ತು ನಮಗ್ಯಾರಿಗೂ ಅದರ ಮೇಲೆ ಜಾಗ ಇರುವುದಿಲ್ಲ.

ಇನ್ನು ಸಿಟ್ಟಿನ ವಿಷಯ. ಎರಡು ಹಲಗೆ ಅಂಟಿಸಿ ಮಾಡಿದ ಜೋಕಾಲಿ ಇದು. ಮೊದಲ ಏಪ್ರಿಲ್‌ನಲ್ಲೇ ಜೋಡಣೆ ಬಿಟ್ಟಿತು. ಮೇ ಹೊತ್ತಿಗೆ ಸಂದಿ ಎಷ್ಟು ಅಗಲವಾಯಿತೆಂದರೆ ಅವ್ವನ ಸೀರೆ ಸಿಕ್ಕಿಕೊಂಡು ಹರಿಯಿತು. ಮಾರಿದವರಿಗೆ ಫೋನ್ ಮಾಡಿದರೆ ಕಟ್ಟಿಗೆ ಅಂದ ಮೇಲೆ ಬಿಡುತ್ತದೆ ಅಂದರು. ಕಾರಣವಿಲ್ಲದೆ ಜೋಡಣೆ ಬಿಡುವುದಿಲ್ಲ. ಹಲಸು ವರ್ಷವಿಡೀ ಹಸಿರಾಗಿರುವ ಮರ, ಈ ದಿಮ್ಮಿ ಮಲೆನಾಡಿನ ಮಳೆಯಲ್ಲಿ ಬೆಳೆದದ್ದು. ಅಲ್ಲಿನ ಗಾಳಿಯಲ್ಲಿ ಒಣಗಿದ ಕಟ್ಟಿಗೆಯಲ್ಲೂ ತೇವ ಇರುತ್ತದೆ. 42 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಆ ತೇವ ಹೋಗುತ್ತದೆ, ಹಲಗೆ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ವೀಣೆ, ಮೃದಂಗ ಮಾಡುವ ಕಟ್ಟಿಗೆ ಅಂತ ಹೊಗಳಿ ಮಾರುತ್ತಾರಲ್ಲ, ಅದು ನಿಜವೇ. ತಂಜಾವೂರಿನಲ್ಲಿ ಒಂದೇ ದಿಮ್ಮಿ ಕೊರೆದು ಏಕಾಂಡ ವೀಣೆ ಮಾಡುತ್ತಾರೆ. ಆದರೆ ಅದಕ್ಕೆ ಚೆನ್ನಾಗಿ ಒಣಗಿದ ಕಟ್ಟಿಗೆಯೇ ಬೇಕು. ಮನುಷ್ಯರು ಕೂರುವ ಜೋಕಾಲಿಗೂ ಅಷ್ಟು ಕಾಯಬೇಕಲ್ವಾ?

ನಮ್ಮ ಓಣಿಯ ಬಡಿಗೇರರು ಹಲಗೆ ತಿರುಗಿಸಿ ನೋಡಿದ ಕೂಡಲೇ ಕಾರಣ ಹೇಳಿದರು. ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂ ಬಿಗಿಯಾಗಿ ಹೊಡೆದಿದ್ದರು, ಕುಗ್ಗಲು ಜಾಗವೇ ಇರಲಿಲ್ಲ. ಸಂದಿಗೆ ಪುಟ್ಟಿ ತುಂಬಲು ಅವರು ಒಪ್ಪಲಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿದಾಗ ಅದು ಹಲಗೆಯನ್ನೇ ನೂಕುತ್ತದಂತೆ. ಜೋಡಣೆ ಪೂರ್ತಿ ಬಿಡಿಸಿ, ಅಂಚು ಕೀಸಿ ಮತ್ತೆ ಅಂಟಿಸಿದರು. ಪಟ್ಟಿಯಲ್ಲಿ ಸ್ಕ್ರೂ ತೂತುಗಳನ್ನು ಉದ್ದಕ್ಕೆ ಕೊರೆದರು, ಹಲಗೆ ಅತ್ತಿತ್ತ ಸರಿಯಲಿ ಅಂತ. ಆಮೇಲೆ ಬಂದ ಬೇಸಿಗೆಗಳಲ್ಲಿ ಸಂದಿ ಕಂಡಿಲ್ಲ.

ಸಾಗವಾನಿಯ ಬೆಲೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ, ರಿಪೇರಿ ಖರ್ಚು ಸೇರಿಸಿದರೂ ಇದು ಕಡಿಮೆಯೇ ಬಿತ್ತು. ಚೇಗಿನ ಭಾಗಕ್ಕೆ ಇಲ್ಲಿಯವರೆಗೆ ಗೆದ್ದಲು, ಹುಳ ಏನೂ ಮುಟ್ಟಿಲ್ಲ. ಒಂದು ಅಂಚಿನಲ್ಲಿ ಉಳಿದಿದ್ದ ಬಿಳಿ ಭಾಗದಲ್ಲಿ ಮಾತ್ರ ಸಣ್ಣ ತೂತು ಬಿದ್ದವು, ಅದನ್ನು ಕತ್ತರಿಸಿ ತೆಗೆಸಿದೆವು. ಕೊಳ್ಳುವಾಗ ಹಲಗೆಯ ಅಂಚು ಪರೀಕ್ಷೆ ಮಾಡಿ, ಬಿಳಿ ಪಟ್ಟಿ ಇದ್ದರೆ ಬೇಡ ಅನ್ನಿ. ಪಾಲಿಶ್ ಬೇಡ ಅಂತಲೂ ಹೇಳಿ.

ಬೀದರಿನಲ್ಲಿರುವ ಅಣ್ಣನಿಗೂ ಈಗ ಇಂಥದ್ದೇ ಬೇಕಂತೆ. ಈ ಸಲ ಬರೀ ಹಲಗೆ ತರಿಸಿದ್ದೇವೆ. ನಡುವೆ ಗಾಳಿ ಆಡುವ ಹಾಗೆ ಕಡ್ಡಿ ಇಟ್ಟು ಅವರ ಪಡಸಾಲೆಯಲ್ಲೇ ಒಟ್ಟಿದ್ದೇವೆ. ಒಂದು ಪೂರ್ತಿ ಬೇಸಿಗೆ ದಾಟಿದ ಮೇಲೇ ಜೋಡಿಸುವುದು ಅಂತ ಬಡಿಗೇರರಿಗೆ ಹೇಳಿಯಾಗಿದೆ.