ದೇಶಗಳ ದಕ್ಷತೆ ಅಳೆಯಲು ‘ಫ್ರಾಂಟಿಯರ್’ ಪ್ಯಾಕೇಜ್: ಬಳಕೆದಾರನ ವಿಮರ್ಶೆ

ಅಭಿವೃದ್ಧಿ ಹೊಂದಿದ ದೇಶವೊಂದು ತನ್ನಲ್ಲಿರುವ ಬಂಡವಾಳ ಮತ್ತು ಶ್ರಮದಿಂದ ಗರಿಷ್ಠ ಎಷ್ಟು ಉತ್ಪಾದಿಸಬಹುದಿತ್ತು, ಅದರಲ್ಲಿ ಎಷ್ಟನ್ನು ಉತ್ಪಾದಿಸಿತು ಎಂದು ಅಂದಾಜು ಮಾಡುವವರಿಗೆ ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಫ್ರಾಂಟಿಯರ್’ ಪ್ಯಾಕೇಜ್ ಉಚಿತವಾಗಿ ಸಿಗುವ ನಂಬಿಕಸ್ಥ ಸಾಧನ. ಟಿಮ್ ಕೊಯೆಲ್ಲಿ ಅವರು ಫೋರ್ಟ್ರಾನ್‌ನಲ್ಲಿ ಬರೆದ ‘ಫ್ರಾಂಟಿಯರ್ 4.1’ ತಂತ್ರಾಂಶವನ್ನು ಅರ್ನೆ ಹೆನ್ನಿಂಗ್‌ಸೆನ್ ಅವರು ಆರ್‌ಗೆ ಅಳವಡಿಸಿದ್ದಾರೆ.

ದೇಶಗಳ ಉತ್ಪಾದನೆ, ಬಂಡವಾಳ, ಶ್ರಮದ ಮಾಹಿತಿ ಸಂಗ್ರಹವಾದ ಪೆನ್ ವರ್ಲ್ಡ್ ಟೇಬಲ್‌ನ ಅಂಕಿಅಂಶಗಳನ್ನು ಕೊಟ್ಟರೆ ಬಂಡವಾಳ ಮತ್ತು ಶ್ರಮವನ್ನು ಉತ್ಪಾದನೆಗೆ ಜೋಡಿಸುವ ಕಾಬ್-ಡಗ್ಲಾಸ್ ಫಲನದ ಫಲಿತಾಂಶ ತಡವಿಲ್ಲದೆ ಬರುತ್ತದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಗಾಮಾ ಎಂಬ ಸಂಖ್ಯೆ: ಅದು ಸೊನ್ನೆಯ ಸಮೀಪವಿದ್ದರೆ ದೇಶಗಳ ನಡುವಿನ ಅಂತರ ಬಹುಪಾಲು ಆಕಸ್ಮಿಕ, ಒಂದರ ಸಮೀಪವಿದ್ದರೆ ಬಹುಪಾಲು ಅದಕ್ಷತೆ. ದತ್ತಾಂಶವನ್ನು ಪ್ಯಾನೆಲ್ ರೂಪದಲ್ಲಿ (ಯಾವ ಸಾಲು ಯಾವ ದೇಶದ ಯಾವ ವರ್ಷದ್ದು ಎಂದು ಗುರುತಿಸಿ) ಕೊಡದಿದ್ದರೆ ಪ್ಯಾಕೇಜ್ ಪ್ರತಿ ವರ್ಷದ ಸಾಲನ್ನೂ ಬೇರೆಯೇ ದೇಶವೆಂದು ಎಣಿಸುತ್ತದೆ. ಆದ್ದರಿಂದ ಸಾರಾಂಶದ ಕೊನೆಯಲ್ಲಿ ಅಚ್ಚಾಗುವ ದೇಶಗಳ ಮತ್ತು ವರ್ಷಗಳ ಸಂಖ್ಯೆಯನ್ನು ತಪ್ಪದೆ ಓದಬೇಕು.

ಶ್ರಮವನ್ನು ತಲೆಲೆಕ್ಕದಲ್ಲಿ ಹಾಕುವುದು ಅನ್ಯಾಯ. ಜರ್ಮನಿಯ ಕೆಲಸಗಾರ ವರ್ಷಕ್ಕೆ ಸರಾಸರಿ 1,400 ಗಂಟೆಗೂ ಕಡಿಮೆ, ಅಮೆರಿಕದವನು 1,700 ಗಂಟೆಗೂ ಹೆಚ್ಚು ದುಡಿಯುವಾಗ, ತಲೆಗಳನ್ನಷ್ಟೇ ಎಣಿಸಿದರೆ ಜರ್ಮನಿಯ ಬಿಡುವೆಲ್ಲ ಅದಕ್ಷತೆಯ ಖಾತೆಗೆ ಸೇರುತ್ತದೆ. ಐರ್ಲೆಂಡ್‌ನ ವಿಷಯ ಇನ್ನೂ ಕಷ್ಟದ್ದು. ಬಹುರಾಷ್ಟ್ರೀಯ ಕಂಪನಿಗಳು ಬೌದ್ಧಿಕ ಆಸ್ತಿಯನ್ನು ಅಲ್ಲಿಗೆ ವರ್ಗಾಯಿಸಿದ್ದರಿಂದ 2015ರಲ್ಲಿ ಆ ದೇಶದ ಜಿಡಿಪಿ ಶೇ 25ರ ಆಸುಪಾಸು ಏರಿತು. ಇಂಥ ಲೆಕ್ಕಪುಸ್ತಕದ ಏರಿಕೆಯನ್ನು ಹಾಗೆಯೇ ಸೇರಿಸಿಕೊಂಡರೆ ಗರಿಷ್ಠ ಉತ್ಪಾದನೆಯ ಗಡಿರೇಖೆ ಮೇಲಕ್ಕೆ ಸರಿದು, ಏನೂ ಬದಲಾಗದ ನೆರೆದೇಶಗಳು ಅದಕ್ಷವಾಗಿ ಕಾಣುವ ಅಪಾಯವಿದೆ. ಇದು ಪ್ಯಾಕೇಜಿನ ದೋಷವಲ್ಲ, ಆದರೆ ಅದು ನಿಮ್ಮನ್ನು ಎಚ್ಚರಿಸುವುದೂ ಇಲ್ಲ.

ನನ್ನ ನಿಜವಾದ ಆಕ್ಷೇಪ ಇರುವುದು, ಬಹುತೇಕರು ಈ ಪ್ಯಾಕೇಜಿನಲ್ಲಿ ಮೊದಲು ಆರಿಸಿಕೊಳ್ಳುವ 1992ರ ಬ್ಯಾಟೀಸ್-ಕೊಯೆಲ್ಲಿ ಮಾದರಿಯ ಮೇಲೆ. ಕಾಲ ಕಳೆದಂತೆ ಅದಕ್ಷತೆ ಬದಲಾಗುವ ಗತಿಯನ್ನು ಅದು ಈಟಾ ಎಂಬ ಒಂದೇ ಸಂಖ್ಯೆಗೆ ಕಟ್ಟಿಹಾಕುವುದರಿಂದ, ಎಲ್ಲ ದೇಶಗಳೂ ಒಟ್ಟಿಗೆ ಸುಧಾರಿಸಬೇಕು ಇಲ್ಲವೇ ಒಟ್ಟಿಗೆ ಹಿಂದೆ ಬೀಳಬೇಕು; 1970ರಲ್ಲಿದ್ದ ಶ್ರೇಯಾಂಕವೇ 2019ರಲ್ಲೂ ಉಳಿಯುತ್ತದೆ. 1990ರ ದಶಕದ ನಡುವಿನಿಂದ ಇಟಲಿಯ ಉತ್ಪಾದಕತೆ ನಿಂತಲ್ಲೇ ನಿಂತದ್ದು ಎಲ್ಲರಿಗೂ ತಿಳಿದ ಸಂಗತಿಯಾದರೂ, ಈ ಮಾದರಿಯ ಪಟ್ಟಿಯಲ್ಲಿ ಇಟಲಿ ಒಂದು ಸ್ಥಾನವೂ ಕೆಳಗಿಳಿಯದು. ಅಭಿವೃದ್ಧಿ ಹೊಂದಿದ ದೇಶಗಳಲ್ಲಿ ಯಾರು ಯಾವಾಗ ಹಿಂದೆ ಬಿದ್ದರು ಎಂಬುದೇ ಪ್ರಶ್ನೆಯಾಗಿದ್ದರೆ, ಅದಕ್ಷತೆಗೆ ಕಾರಣಗಳನ್ನು ಸೇರಿಸಲು ಎಡೆಯಿರುವ ಅದೇ ಇಬ್ಬರ 1995ರ ಮಾದರಿಯನ್ನು ಇದೇ ಪ್ಯಾಕೇಜಿನಲ್ಲಿ ಬಳಸಿ. ದೇಶದ ಸಹಜ ಭಿನ್ನತೆಯನ್ನು ಅದಕ್ಷತೆಯಿಂದ ಬೇರ್ಪಡಿಸಬಲ್ಲ ಅರ್ಥಶಾಸ್ತ್ರಜ್ಞ ವಿಲಿಯಂ ಗ್ರೀನ್ ಅವರ ಮಾದರಿ ಬೇಕಿದ್ದವರು ಸ್ಟೇಟಾ ಎಂಬ ಬೇರೊಂದು ಸಂಖ್ಯಾಶಾಸ್ತ್ರ ತಂತ್ರಾಂಶದ ‘ಎಸ್‌ಎಫ್‌ಪ್ಯಾನೆಲ್’ ಕಡೆಗೆ ಹೋಗಬೇಕಾಗುತ್ತದೆ.