ಜರ್ಮನ್ ಅನುವಾದಕ್ಕೆ ಹಂಪನಕಟ್ಟೆಯೋ, ಬೆಂಗಳೂರೋ, ಜರ್ಮನಿಯೋ?

ಜರ್ಮನಿಯಲ್ಲಿ ನರ್ಸ್ ಕೆಲಸಕ್ಕೆಂದು ತಂಗಿಯ ಕಾಗದಪತ್ರಗಳನ್ನು ಜರ್ಮನ್ ಅನುವಾದಕ್ಕೆ ಮೂರು ಕಡೆ ಕೊಟ್ಟು ನೋಡಿದ್ದೇನೆ. ಜರ್ಮನಿಯ ಸರ್ಕಾರಿ ಕಚೇರಿಗೆ ಹೋಗುವ ಕಾಗದವಾದರೆ, ಅಲ್ಲಿನ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರಿಗೇ ಕೊಡಿ. ದುಬಾರಿ, ಆದರೂ ನನ್ನ ವೋಟು ಅವರಿಗೇ.

ಮೊದಲು ಹೋದದ್ದು ಮಂಗಳೂರಿನ ಹಂಪನಕಟ್ಟೆಯ ಒಂದು ಏಜೆನ್ಸಿಗೆ. ಪುಟಕ್ಕೆ ಇಷ್ಟೆಂದು ರೇಟು, ಕೆಲಸ ಬೇಗ, ಸ್ಪೈರಲ್ ಬೈಂಡಿಂಗು, ಕೆಂಪು ಸೀಲು, ಎಲ್ಲ ಗಡದ್ದು. ಎಡವಟ್ಟಾದದ್ದು ಒಂದು ಅಲ್ಪವಿರಾಮದಲ್ಲಿ. ಟ್ರಾನ್ಸ್‌ಕ್ರಿಪ್ಟಿನಲ್ಲಿ (ಓದಿದ ವಿಷಯ, ಗಂಟೆಗಳ ಪಟ್ಟಿ) ಕ್ಲಿನಿಕಲ್, ಅಂದರೆ ಆಸ್ಪತ್ರೆಯ ತರಬೇತಿಯ ಗಂಟೆ 1,200 ಎಂದಿತ್ತು, ಅನುವಾದದಲ್ಲೂ ಹಾಗೇ 1,200. ಜರ್ಮನಿಯಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಅಲ್ಲಿಯವರ ಕಣ್ಣಿಗೆ ಅದು 1.2 ಗಂಟೆ, ಒಂದೂಕಾಲು ಗಂಟೆಯೂ ಅಲ್ಲ!

ಇದು ಸಣ್ಣ ವಿಷಯ ಅಲ್ಲ. ಅಲ್ಲಿನ ಮೂರು ವರ್ಷದ ನರ್ಸಿಂಗ್ ತರಬೇತಿಗೆ ಕನಿಷ್ಠ 2,100 ಗಂಟೆ ಪಾಠ, 2,500 ಗಂಟೆ ಪ್ರಾಕ್ಟಿಕಲ್. ನಮ್ಮ ಓದಿಗೆ ಅಲ್ಲಿ ಮಾನ್ಯತೆ ಕೊಡುವವರು ನಮ್ಮ ಗಂಟೆಗಳನ್ನು ಅದರೊಂದಿಗೆ ತಾಳೆ ನೋಡುತ್ತಾರೆ. ಏಜೆನ್ಸಿಯಲ್ಲಿ ತೋರಿಸಿದರೆ, "ನಂಬರೆಲ್ಲ ನಾವು ಮುಟ್ಟುವುದಿಲ್ಲ ಮಾರಾಯ್ರೆ, ಒರಿಜಿನಲ್‌ನಲ್ಲಿ ಇದ್ದ ಹಾಗೇ ಇರ್ಬೇಕು" ಎಂದರು. ತಿದ್ದಬೇಕಾದರೆ ಪುಟಕ್ಕೆ ಮತ್ತೆ ದುಡ್ಡಂತೆ. ಅಷ್ಟಾಗಿಯೂ ಜರ್ಮನಿಯ ಕಚೇರಿ ಆ ಕೆಂಪು ಸೀಲನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಬೆಂಗಳೂರಿನ ಫ್ರೀಲಾನ್ಸರ್ ಮೇಡಂ ಜರ್ಮನ್ ಭಾಷೆಯ ಮೇಲ್ಮಟ್ಟದ ಸಿ1 ಪರೀಕ್ಷೆ ಪಾಸಾದವರು, ಚುಕ್ಕಿಯ ವಿಷಯ ಕೇಳುವ ಮೊದಲೇ ಎತ್ತಿದರು. ಬಯೋಡೇಟಾ, ಆಸ್ಪತ್ರೆಗೆ ಬರೆಯುವ ಪತ್ರ ಈಗಲೂ ಅವರ ಹತ್ತಿರವೇ. ಅವರ ಸಹಿಗೆ ಅಲ್ಲಿ ಕಾನೂನಿನ ಬಲ ಇಲ್ಲ, ಅಷ್ಟೇ.

ಪ್ರಮಾಣಿತ ಅನುವಾದಕರನ್ನು ಹುಡುಕಲು ಏಜೆಂಟ್ ಬೇಡ. ಅಲ್ಲಿನ ರಾಜ್ಯಗಳ ನ್ಯಾಯಾಂಗ ಇಲಾಖೆಗಳ ಪಟ್ಟಿ, 'ಯುಸ್ಟಿಟ್ಸ್-ಡೋಲ್ಮೆಚರ್', ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ಭಾಷೆ, ಊರು ಹಾಕಿದರೆ ಹೆಸರು ಬರುತ್ತದೆ. ರೇಟು ಸಾಮಾನ್ಯವಾಗಿ ಪುಟದ ಮೇಲಲ್ಲ, ಸ್ಪೇಸೂ ಸೇರಿ 55 ಅಕ್ಷರದ ಒಂದು ಸಾಲಿನ ಮೇಲೆ. ಹಾಗಾಗಿ ಮೊದಲೇ ಸ್ಕ್ಯಾನ್ ಕಳಿಸಿ ಒಟ್ಟು ಎಷ್ಟಾಗುತ್ತದೆಂದು ಕೇಳಿ. ನಮಗೆ ಸಿಕ್ಕ ಅನುವಾದಕರು ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಇದ್ದ ಭಾಗವನ್ನು ಅನುವಾದಿಸಿ, ಕನ್ನಡದ ಕಡೆ 'ಕನ್ನಡ ಪಠ್ಯ' ಎಂದು ನಮೂದಿಸಿದರು. ಸೀಲು ಹಾಕಿದ ಕಾಗದವನ್ನು ಅಲ್ಲಿಂದಲೇ ಆಸ್ಪತ್ರೆಗೆ ಅಂಚೆಯಲ್ಲಿ ಹಾಕಿದ್ದರಿಂದ ನಮಗೆ ಕೊರಿಯರ್ ಖರ್ಚು ಉಳಿಯಿತು.

ಕೈ ಬಿಗಿ ಇದ್ದರೆ ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ನರ್ಸಿಂಗ್ ರಿಜಿಸ್ಟ್ರೇಷನ್, ಹೀಗೆ ಸರ್ಕಾರಿ ಕಚೇರಿಗೆ ಹೋಗುವ ಕಾಗದ ಮಾತ್ರ ಅವರಿಗೆ ಕೊಡಿ. ಬಯೋಡೇಟಾ, ಪತ್ರದಂಥ ಉಳಿದದ್ದಕ್ಕೆ ಬೆಂಗಳೂರಿನ ಮೇಡಂ ಧಾರಾಳ ಸಾಕು.